ಹಳೇ ಔಟ್‌ಬೋರ್ಡ್ ಮೋಟಾರ್: ಹಗ್ಗ ಎಳೆಯುವ ಮುಂಚೆ

ಪ್ರಶ್ನೆ: ಮಾವ ಬಳಸ್ತಿದ್ದ ಸಣ್ಣ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸೋ ಮೋಟಾರ್) ಈಗ ನನ್ನ ಪಾಲಿಗೆ ಬಂದಿದೆ. ಟೂ ಸ್ಟ್ರೋಕ್, ಎರಡು ಸಿಲಿಂಡರ್, ಆರು ಎಚ್‌ಪಿ. ವರ್ಷಗಟ್ಟಲೆ ಷೆಡ್ಡಿನಲ್ಲಿ ನಿಂತಿತ್ತು. ಫ್ಲೈವೀಲ್ ಕೈಯಲ್ಲಿ ತಿರುಗುತ್ತೆ, ಜಾಮ್ ಆಗಿಲ್ಲ. ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಇನ್ನೂ ಇದೆ. ಹೊಸ ಪ್ಲಗ್ ಹಾಕಿ, ಸ್ವಲ್ಪ ಹೊಸ ಪೆಟ್ರೋಲ್ ಸೇರಿಸಿ ಹಗ್ಗ ಎಳೆದು ನೋಡೋಣ ಅಂತಿದ್ದೀನಿ. ಸರಿನಾ?

ಉತ್ತರ: ಬೇಡ. ಷೆಡ್ಡಿನಲ್ಲಿ ನಿಂತಿದ್ದರಿಂದ ಕೆಟ್ಟ ಮೋಟಾರ್ ಕಡಿಮೆ. ನಿಂತಿದ್ದನ್ನು ಆತುರದಿಂದ ಓಡಿಸಿ ಕೆಡಿಸಿದ್ದೇ ಹೆಚ್ಚು. ಅದು ಸ್ಟಾರ್ಟ್ ಆಗದಿದ್ದರೆ ನಷ್ಟವಿಲ್ಲ. ಸ್ಟಾರ್ಟ್ ಆಗಿ ಒಳಗೆ ತಂಪು ಮಾಡುವ ನೀರು ಹರಿಯದಿದ್ದರೆ ಕೆಲವೇ ನಿಮಿಷದಲ್ಲಿ ಪಿಸ್ಟನ್ ಸುಡುತ್ತದೆ.

ಎರಡೂ ಪ್ಲಗ್ ಬಿಚ್ಚಿ. ಯಾವುದು ಯಾವ ಸಿಲಿಂಡರಿನದು ಅಂತ ಗುರುತು ಮಾಡಿಟ್ಟುಕೊಳ್ಳಿ, ಪ್ಲಗ್ಗಿನ ಬಣ್ಣ ಮುಂದೆ ಕೆಲಸಕ್ಕೆ ಬರುತ್ತದೆ. ರಂಧ್ರದೊಳಗೆ ಒಂದೊಂದು ಚಮಚ ಟೂ ಸ್ಟ್ರೋಕ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಮರುದಿನ ಫ್ಲೈವೀಲನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ. ಸಣ್ಣ ಔಟ್‌ಬೋರ್ಡ್‌ಗಳೆಲ್ಲ ಹೆಚ್ಚುಕಡಿಮೆ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗುವುದು. ಉಲ್ಟಾ ತಿರುಗಿಸಿದರೆ ಕೆಳಗಿರುವ ಇಂಪೆಲ್ಲರಿನ (ನೀರು ಮೇಲೆತ್ತುವ ಪಂಪಿನ ಚಕ್ರ) ಒಣಗಿದ ರಬ್ಬರ್ ರೆಕ್ಕೆಗಳು ಮಡಚಿ ಮುರಿಯುತ್ತವೆ.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ. ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಆಗ ಪ್ಲಗ್ ವೈರುಗಳನ್ನು ಎಂಜಿನ್ನಿಗೆ ಅರ್ಥ್ ಮಾಡಿರಬೇಕು, ಇಲ್ಲವಾದರೆ ಕಾಯಿಲ್‌ಗೆ ಪೆಟ್ಟು. ಹಳೇ ಸಣ್ಣ ಮೋಟಾರಿನಲ್ಲಿ ಎಷ್ಟು ಪೌಂಡ್ ಬಂತು ಅನ್ನುವುದಕ್ಕಿಂತ ಎರಡು ಸಿಲಿಂಡರುಗಳ ವ್ಯತ್ಯಾಸ ಮುಖ್ಯ. ಶೇ. 10ರೊಳಗಿದ್ದರೆ ಖುಷಿಪಡಿ. ಒಂದು ಸಿಲಿಂಡರ್ ತೀರಾ ಕೆಳಗಿದ್ದರೆ ಅಲ್ಲೇ ನಿಲ್ಲಿಸಿ, ಹೆಡ್ ಬಿಚ್ಚಿ ನೋಡುವವರೆಗೆ ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ.

ಮೂರನೆಯದು ಕಿಡಿ. ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ನೋಡುವುದು ಅರ್ಧ ಪರೀಕ್ಷೆ, ಬಯಲು ಗಾಳಿಯಲ್ಲಿ ಬಡಕಲು ಕಿಡಿಯೂ ಹಾರುತ್ತದೆ. ಗ್ಯಾಪ್ ಟೆಸ್ಟರಿನಲ್ಲಿ 6 ಮಿ.ಮೀ. ಅಂತರವನ್ನು ದಾಟಿ ಚಟ್ ಚಟ್ ಅಂತ ನೀಲಿ ಕಿಡಿ ಬರಬೇಕು. ಅಕ್ಕಪಕ್ಕ ಪೆಟ್ರೋಲ್ ತೆರೆದಿಟ್ಟು ಈ ಪರೀಕ್ಷೆ ಮಾಡಬೇಡಿ.

ಇನ್ನು ಹಳೇ ಪೆಟ್ರೋಲು. ಅದಕ್ಕೆ ಹೊಸದನ್ನು ಬೆರೆಸಿದರೆ ಹೊಸದೂ ಹಾಳು. ಎಲ್ಲಾ ತೆಗೆದುಬಿಡಿ. ಮೂಸಿ ನೋಡಿ, ವಾರ್ನಿಶ್ ವಾಸನೆ ಬಂದರೆ ಕಾರ್ಬ್ಯುರೇಟರಿನೊಳಗೂ ಅದೇ ಅಂಟು ಕೂತಿರುತ್ತದೆ.

ಪ್ರಶ್ನೆ: ಅದೇ ಮೋಟಾರ್, ಮುಂದಿನ ಭಾಗ. ಕಂಪ್ರೆಷನ್ ಎರಡರಲ್ಲೂ ಹತ್ತಿರ ಹತ್ತಿರ ಇದೆ. ಮೇಲಿನ ಸಿಲಿಂಡರಿಗೆ ಕಿಡಿ ಇದೆ, ಕೆಳಗಿನದಕ್ಕೆ ಇಲ್ಲ. ಪ್ಲಗ್ ಅದಲುಬದಲು ಮಾಡಿದೆ, ಹಾಗೇ ಇದೆ.

ಉತ್ತರ: ಹಾಗಾದರೆ ತೊಂದರೆ ಫ್ಲೈವೀಲಿನ ಅಡಿಯಲ್ಲಿದೆ. ಇಂಥ ಹಳೇ ಮೋಟಾರಿನ ಮ್ಯಾಗ್ನೆಟೊದಲ್ಲಿ (ಕಿಡಿಗೆ ವಿದ್ಯುತ್ ಹುಟ್ಟಿಸುವ ಭಾಗ) ಒಂದೊಂದು ಸಿಲಿಂಡರಿಗೂ ಪ್ರತ್ಯೇಕ ಪಾಯಿಂಟ್ಸ್ (ತೆರೆದು ಮುಚ್ಚುವ ಸಣ್ಣ ಸ್ವಿಚ್), ಕಂಡೆನ್ಸರ್, ಕಾಯಿಲ್. ನಿಂತ ಮೋಟಾರಿನಲ್ಲಿ ಹತ್ತಕ್ಕೆ ಎಂಟು ಸಲ ಪಾಯಿಂಟ್ಸ್ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿರುತ್ತದೆ, ಅಷ್ಟೇ. ನಯವಾದ ಫೈಲಿನಿಂದ ಒಂದೆರಡು ಸಲ ಸವರಿ. ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಗಟ್ಟಿ ಕಾಗದವನ್ನು ಪಾಯಿಂಟ್ಸ್ ನಡುವೆ ಎಳೆಯಿರಿ, ಕಾಗದ ಕಪ್ಪಾಗದೆ ಹೊರಬರುವವರೆಗೂ. ಎಮೆರಿ ಪೇಪರ್ ಬೇಡ, ಅದರ ಪುಡಿ ಅಲ್ಲೇ ಉಳಿಯುತ್ತದೆ. ಗ್ಯಾಪ್ ಅನೇಕ ಮಾಡೆಲ್‌ಗಳಲ್ಲಿ 0.020 ಇಂಚು, ಅಂದರೆ ಅರ್ಧ ಮಿ.ಮೀ. ನಿಮ್ಮದರ ಮ್ಯಾನ್ಯುಯಲ್‌ನಲ್ಲಿ ಇರುವುದೇ ಕೊನೆಯ ಮಾತು. ಕ್ಯಾಮ್ ಪಾಯಿಂಟ್ಸನ್ನು ಅತಿ ಹೆಚ್ಚು ತೆರೆದಿರುವಾಗ ಅಳೆಯಬೇಕು.

ಕಾಯಿಲ್ ಮೇಲೆ ಬಿರುಕು ಕಂಡರೆ ತಲೆ ಕೆಡಿಸಿಕೊಳ್ಳದೆ ಬದಲಿಸಿ. ಅದು ತಣ್ಣಗಿರುವಾಗ ಕಿಡಿ ಕೊಡುತ್ತದೆ, ಬಿಸಿಯಾದ ಮೇಲೆ ನೀರಿನ ನಡುವೆ ಕೈಕೊಡುತ್ತದೆ.

ಮರುಪ್ರಶ್ನೆ: ಫ್ಲೈವೀಲ್ ಬರ್ತಾನೇ ಇಲ್ಲ. ಈ ಗುಂಪಿನ ಇನ್ನೊಬ್ಬ ಸದಸ್ಯರು, ನಟ್ ಸಡಿಲ ಮಾಡಿ ಶಾಫ್ಟ್ ತಲೆಗೆ ಸುತ್ತಿಗೆಯಲ್ಲಿ ಒಂದು ಕೊಟ್ಟರೆ ಬರುತ್ತೆ ಅಂದರು.

ಉತ್ತರ: ಬರುತ್ತದೆ ನಿಜ. ಜೊತೆಗೆ ಕ್ರ್ಯಾಂಕ್‌ಶಾಫ್ಟಿನ ಥ್ರೆಡ್ ಚಪ್ಪಟೆಯಾಗುತ್ತದೆ, ಬೇರಿಂಗ್‌ಗೆ ಪೆಟ್ಟು ಬೀಳುತ್ತದೆ, ಆಯಸ್ಕಾಂತ ಕಿತ್ತು ಬರುವುದೂ ಉಂಟು. ಫ್ಲೈವೀಲಿನ ಮಧ್ಯದಲ್ಲಿ ಮೂರು ಥ್ರೆಡ್ ರಂಧ್ರ ಇದ್ದರೆ ಅವು ಇರುವುದೇ ಪುಲ್ಲರ್‌ಗಾಗಿ. ಅಂಚಿಗೆ ಹಲ್ಲು ಸಿಕ್ಕಿಸುವ ಪುಲ್ಲರ್ ಬೇಡ, ಫ್ಲೈವೀಲ್ ಸೊಟ್ಟಗಾಗುತ್ತದೆ. ಮಧ್ಯದ ಬೋಲ್ಟ್ ಬಿಗಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಗಿ ಮಾಡಿ. ಟಕ್ ಅಂತ ಅದೇ ಬಿಡುತ್ತದೆ. ಮತ್ತೆ ಕೂರಿಸುವಾಗ ಟೇಪರ್ (ಶಾಫ್ಟಿನ ಮೊನಚಾದ ಭಾಗ) ಒಣಗಿ ಚೊಕ್ಕವಾಗಿರಲಿ, ಎಣ್ಣೆ ಗ್ರೀಸ್ ಏನೂ ಬೇಡ. ಫ್ಲೈವೀಲನ್ನು ಶಾಫ್ಟಿಗೆ ಹಿಡಿದಿಡುವ ಸಣ್ಣ ಕೀ ಒಂಚೂರು ಕತ್ತರಿಸಿದ್ದರೂ ಹೊಸದು ಹಾಕಿ, ಟೈಮಿಂಗ್ ನಿಂತಿರುವುದು ಅದರ ಮೇಲೆ.

ಪ್ರಶ್ನೆ: ನನ್ನದು ಬೇರೆ ಮೋಟಾರ್, ಹೊರಗೆ ಟ್ಯಾಂಕ್ ಇರೋದು. ಕಾರ್ಬ್ಯುರೇಟರಿಗೆ ಕ್ಲೀನರ್ ಸ್ಪ್ರೇ ಹೊಡೆದೆ. ಸ್ಟಾರ್ಟ್ ಆಗಿ ಒಂದು ನಿಮಿಷಕ್ಕೆ ಸಾಯುತ್ತೆ. ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಒತ್ತುತ್ತಾ ಇದ್ದರೆ ಮಾತ್ರ ಓಡುತ್ತೆ. ಇನ್ನೊಂದು ಕಾರ್ಬ್ಯುರೇಟರ್ ಹುಡುಕಬೇಕಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಬಲ್ಬ್ ಒತ್ತಿದರೆ ಓಡುತ್ತದೆ ಅಂದರೆ ಪೆಟ್ರೋಲ್ ತಲುಪಿದಾಗ ಕಾರ್ಬ್ಯುರೇಟರ್ ತನ್ನ ಕೆಲಸ ಮಾಡುತ್ತಿದೆ. ತಲುಪಿಸುವುದರಲ್ಲೇ ಕೊರತೆ. ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ ನೋಡಿ. ನಗಬೇಡಿ, ರಿಪೇರಿಗೆ ಬರುವ ಮೋಟಾರುಗಳಲ್ಲಿ ಇದೊಂದೇ ರೋಗ ಇರುವವು ಬಹಳ. ಆಮೇಲೆ ಹೋಸ್ ಕನೆಕ್ಟರಿನ ಓ-ರಿಂಗ್, ಕ್ಲಾಂಪ್‌ಗಳು. ಅಲ್ಲಿ ಪೆಟ್ರೋಲ್ ಸೋರದಿದ್ದರೂ ಗಾಳಿ ಒಳಗೆ ಎಳೆಯಬಹುದು. ಕೊನೆಗೆ ಫ್ಯುಯಲ್ ಪಂಪ್. ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿಯುವುದರಿಂದಲೇ ಅದರ ತೆಳು ಡಯಾಫ್ರಮ್ ಮಿಡಿಯುತ್ತದೆ. ಅದು ಗಡಸಾದರೆ ಅಥವಾ ತೂತಾದರೆ ಪಂಪ್ ಸತ್ತಂತೆ. ಕಿಟ್ ಸಿಗುತ್ತದೆ, ಇಡೀ ಪಂಪ್ ಬೇಕಿಲ್ಲ.

ಇದಕ್ಕೆ ವಿರುದ್ಧವಾಗಿ, ಬಲ್ಬ್ ಒತ್ತಿದರೆ ಏನೂ ಆಗದೆ ಚೋಕ್ ಎಳೆದಾಗ ಮಾತ್ರ ಓಡುತ್ತಿದ್ದರೆ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತಿರುಪು) ಕಟ್ಟಿಕೊಂಡಿದೆ. ಆಗ ಕಾರ್ಬ್ಯುರೇಟರ್ ಬಿಚ್ಚಲೇಬೇಕು. ಹೊರಗಿನಿಂದ ಸ್ಪ್ರೇ ಹೊಡೆಯುವುದು ಬೀಗದ ಮೇಲೆ ನೀರು ಹಾಕಿ ಬಾಗಿಲು ತೆರೆದಂತೆ. ಬೌಲ್ ತೆಗೆದು, ಜೆಟ್ಟನ್ನು ಅದಕ್ಕೆ ಸರಿಯಾಗಿ ಹೊಂದುವ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ. ಹಿತ್ತಾಳೆ ಮೆತ್ತಗೆ, ಅಗಲ ತಪ್ಪಿದರೆ ತಲೆ ಕಿತ್ತುಹೋಗುತ್ತದೆ. ಒಳಗೆ ತಂತಿ ತೂರಿಸಿ ಕೆರೆಯಬೇಡಿ, ರಂಧ್ರ ದೊಡ್ಡದಾದರೆ ಸರಿಮಾಡಲಾಗದು. ದ್ರಾವಣದಲ್ಲಿ ನೆನೆಸಿ ಗಾಳಿ ಹೊಡೆಯಿರಿ. ತುಂಬ ಹಳೆಯದಾದರೆ ಫ್ಲೋಟ್ ಕಾರ್ಕಿನದಿರಬಹುದು. ಅದರ ಮೇಲಿನ ಅರಗಿನ ಲೇಪ ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಕರಗುತ್ತದೆ, ಕಾರ್ಕ್ ಪೆಟ್ರೋಲ್ ಹೀರಿ ಮುಳುಗುತ್ತದೆ, ಬೌಲ್ ಉಕ್ಕಿ ಹರಿಯುತ್ತದೆ. ಲೋ ಸ್ಪೀಡ್ ನೀಡಲ್ಲನ್ನು ಮೆಲ್ಲಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿ ಶುರುಮಾಡಿ. ಪಕ್ಕಾ ಸೆಟ್ಟಿಂಗ್ ನೀರಿನಲ್ಲಿ, ಗೇರ್ ಹಾಕಿ ಓಡಿಸುವಾಗಲೇ ಆಗಬೇಕು.

ಪ್ರಶ್ನೆ: ಆಯಿಲ್ ಎಷ್ಟು ಬೆರೆಸಬೇಕು? ಒಬ್ಬರು 24ಕ್ಕೆ 1 (24 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಅಂತಾರೆ, ಒಬ್ಬರು 50ಕ್ಕೆ 1. ಬೈಕಿನ ಟೂ ಸ್ಟ್ರೋಕ್ ಆಯಿಲ್ ನಡೆಯುತ್ತಾ?

ಉತ್ತರ: ಇಬ್ಬರೂ ಸರಿಯೇ, ಮೋಟಾರ್ ಯಾವುದು ಅನ್ನುವುದರ ಮೇಲೆ. ಉದಾಹರಣೆಗೆ ಜಾನ್ಸನ್ ಮತ್ತು ಎವಿನ್‌ರೂಡ್ ಮೋಟಾರುಗಳಲ್ಲಿ 1964ರಿಂದ ಬಹುತೇಕ ಮಾಡೆಲ್‌ಗಳು 50ಕ್ಕೆ 1, ಅದಕ್ಕೂ ಹಿಂದಿನವು 24ಕ್ಕೆ 1. ಬ್ರಿಟಿಷ್ ಸೀಗಲ್‌ನ ಹಳೆಯವಕ್ಕಂತೂ 10ಕ್ಕೆ 1! ಹಳೇ ಮೋಟಾರುಗಳಲ್ಲಿ ಸೂಜಿ ಬೇರಿಂಗ್ ಬದಲು ಬರೀ ಬುಷ್ ಇರುತ್ತಿತ್ತು, ಅವಕ್ಕೆ ಎಣ್ಣೆ ಹೆಚ್ಚು ಬೇಕು. ಲೆಕ್ಕ ಹೀಗೆ: 50ಕ್ಕೆ 1 ಅಂದರೆ ಲೀಟರಿಗೆ 20 ಮಿ.ಲೀ., 24ಕ್ಕೆ 1 ಅಂದರೆ ಸುಮಾರು 42.

ಒಳ್ಳೆಯದಕ್ಕೆ ಇರಲಿ ಅಂತ ಸಿಕ್ಕಾಪಟ್ಟೆ ಸುರಿಯಬೇಡಿ. ಎಣ್ಣೆ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ, ಪ್ಲಗ್ಗೂ ಕಪ್ಪಾಗುತ್ತದೆ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಬೇಕು. ಅದು ನೀರಿನಿಂದ ತಂಪಾಗುವ ಔಟ್‌ಬೋರ್ಡಿಗೆಂದೇ ಮಾಡಿದ, ಬೂದಿ ಉಳಿಸದ ಎಣ್ಣೆ. ಗಾಳಿಯಿಂದ ತಂಪಾಗುವ ಬೈಕಿನ ಎಣ್ಣೆಯ ಹದ ಬೇರೆ. ಕಾರಿನ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ.

ಪ್ರಶ್ನೆ: ಪ್ರೊಪೆಲ್ಲರಿನ ಶಿಯರ್ ಪಿನ್ ತುಂಡಾಗಿದೆ, ಸದ್ಯಕ್ಕೆ ಒಂದು ಮೊಳೆ ಹಾಕ್ಲಾ?

ಉತ್ತರ: ಕಲ್ಲಿಗೆ ತಾಗಿದಾಗ ತಾನು ಮುರಿದು ಗೇರನ್ನು ಉಳಿಸುವುದು ಆ ಪಿನ್ನಿನ ಕೆಲಸ. ಮೊಳೆ ಮುರಿಯುವುದಿಲ್ಲ, ಗೇರ್ ಮುರಿಯುತ್ತದೆ. ಅದೇ ಮಾಡೆಲ್ಲಿನ ಪಿನ್ ನಾಲ್ಕು ತಂದು, ಕಾಟರ್ ಪಿನ್ ಸಮೇತ ಕವಚದೊಳಗೆ ಟೇಪ್ ಹಚ್ಚಿ ಇಟ್ಟುಕೊಳ್ಳಿ.

ಪ್ರಶ್ನೆ: ಗೇರ್ ಆಯಿಲ್ ಬಿಟ್ಟರೆ ಹಾಲಿನ ಹಾಗೆ ಬಂತು.

ಉತ್ತರ: ನೀರು ಸೇರಿದೆ. ಮೊದಲು ಪ್ರೊಪೆಲ್ಲರ್ ತೆಗೆದು ಅದರ ಹಿಂದೆ ನೋಡಿ. ಮೀನಿನ ಗಾಳದ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲ್ ಕತ್ತರಿಸಿರುವುದೇ ಹೆಚ್ಚು. ಅದಿಲ್ಲದಿದ್ದರೆ ಡ್ರೆಯಿನ್ ತಿರುಪುಗಳ ವಾಷರ್. ಅದೂ ಸರಿಯಿದ್ದರೆ ಡ್ರೈವ್ ಶಾಫ್ಟ್ ಮತ್ತು ಗೇರ್ ರಾಡ್ ಸೀಲ್‌ಗಳು. ಎಣ್ಣೆಯಲ್ಲಿ ನುಣುಪಾದ ಲೋಹದ ಕೆಸರು ಇದ್ದರೆ ಸಹಜ, ಉಗುರಿಗೆ ಸಿಗುವಂಥ ಚೂರು ಇದ್ದರೆ ಗೇರ್ ಬಾಕ್ಸ್ ಬಿಚ್ಚಬೇಕು.

ತುಂಬುವಾಗ ಎರಡೂ ತಿರುಪು ತೆಗೆದು, ಕೆಳಗಿನ ರಂಧ್ರದಿಂದ ಒತ್ತಿ. ಮೇಲಿನದರಿಂದ ಗುಳ್ಳೆಯಿಲ್ಲದ ಎಣ್ಣೆ ಬಂದ ಮೇಲೆ ಮೊದಲು ಮೇಲಿನದನ್ನು, ಆಮೇಲೆ ಕೆಳಗಿನದನ್ನು ಮುಚ್ಚಿ. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಮೊದಲ ಪ್ರಶ್ನೆ ಕೇಳಿದವನೇ ಮತ್ತೆ. ಪಾಯಿಂಟ್ಸ್ ಒರೆಸಿದ ಮೇಲೆ ಎರಡೂ ಕಡೆ ನೀಲಿ ಕಿಡಿ ಬಂತು. ಕಾರ್ಬ್ಯುರೇಟರ್ ಕೂಡ ಆಯ್ತು. ಇಂಪೆಲ್ಲರ್ ಬದಲಿಸೋಣ ಅಂದರೆ ಗೇರ್ ಬಾಕ್ಸ್ ಇರೋ ಕೆಳಭಾಗ ಒಂದು ಬೆರಳು ಇಳಿದು ಅಲ್ಲೇ ನಿಂತಿದೆ.

ಉತ್ತರ: ಎಳೆಯಬೇಡಿ. ಗೇರ್ ರಾಡ್ ಇನ್ನೂ ಮೇಲೆ ಜೋಡಿಕೊಂಡಿದೆ. ಮೋಟಾರಿನ ಉದ್ದ ಕಾಲಿನ ಪಕ್ಕದಲ್ಲಿ ಸಣ್ಣ ಮುಚ್ಚಳವಿದ್ದರೆ ಅದರ ಹಿಂದೆ, ಇಲ್ಲದಿದ್ದರೆ ಈಗ ತೆರೆದಿರುವ ಸಂದಿಯಲ್ಲೇ ಅದರ ಕನೆಕ್ಟರ್ ಬೋಲ್ಟ್ ಇರುತ್ತದೆ. ಉಳಿದ ಬೋಲ್ಟ್ ಯಾವುದಾದರೂ ಹಿಡಿದುಕೊಂಡಿದ್ದರೆ ಬಲ ಹಾಕಬೇಡಿ. ಅಲ್ಯೂಮಿನಿಯಮ್ಮಿನೊಳಗೆ ಸ್ಟೀಲ್ ಬೋಲ್ಟ್ ಉಪ್ಪಿಗೆ ಕಚ್ಚಿರುತ್ತದೆ. ಪೆನೆಟ್ರೇಟಿಂಗ್ ಆಯಿಲ್ ಹಾಕಿದ್ದರೆ ಅದನ್ನು ಒರೆಸಿ ತೆಗೆದು, ಬೋಲ್ಟಿನ ಸುತ್ತಲ ಲೋಹಕ್ಕೆ ಬಿಸಿ ಕೊಡಿ. ಬಿಗಿ ಮಾಡುವ ದಿಕ್ಕಿಗೆ ಒಂಚೂರು, ಸಡಿಲಿಸುವ ದಿಕ್ಕಿಗೆ ಒಂಚೂರು ಆಡಿಸುತ್ತಾ ಬನ್ನಿ. ಪೆಟ್ರೋಲ್ ಟ್ಯಾಂಕ್ ದೂರ ಇರಲಿ.

ಹೊಸ ಇಂಪೆಲ್ಲರಿಗೆ ಸೋಪಿನ ನೀರು ಸವರಿ, ಶಾಫ್ಟನ್ನು ಓಡುವ ದಿಕ್ಕಿಗೇ ತಿರುಗಿಸುತ್ತಾ ಹೌಸಿಂಗ್ ಕೆಳಗೊತ್ತಿ, ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಹೌಸಿಂಗ್ ಒಳಗೆ ಅಥವಾ ಕೆಳಗಿನ ಪ್ಲೇಟಿನಲ್ಲಿ ಆಳವಾದ ಗೆರೆ ಕಂಡರೆ ಅದನ್ನೂ ಬದಲಿಸಿ. ಡ್ರೈವ್ ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಹಚ್ಚಿ, ತುದಿಗೆ ಬೇಡ. ತುದಿಯಲ್ಲಿ ಗ್ರೀಸ್ ಕೂತರೆ ಶಾಫ್ಟ್ ಪೂರ್ತಿ ಮೇಲೇರುವುದಿಲ್ಲ. ಮೇಲಕ್ಕೆ ಕೂರಿಸುವಾಗ ನೀರಿನ ತಾಮ್ರದ ಕೊಳವೆ ತನ್ನ ರಬ್ಬರಿನೊಳಗೆ ಹೊಕ್ಕಿದೆಯೇ ಅಂತ ಟಾರ್ಚ್ ಬಿಟ್ಟು ನೋಡಿ, ಹೆಚ್ಚಿನವರು ತಪ್ಪುವುದು ಇಲ್ಲೇ.

ಮರುಪ್ರಶ್ನೆ: ಬಿಚ್ಚಿದೆ. ಹಳೇ ಇಂಪೆಲ್ಲರಿನ ಎರಡು ರೆಕ್ಕೆ ಇಲ್ಲವೇ ಇಲ್ಲ. ಹೊಸದು ಹಾಕಿ ಡ್ರಮ್ಮಿನಲ್ಲಿ ಓಡಿಸಲಾ?

ಉತ್ತರ: ಇನ್ನೂ ಇಲ್ಲ. ಆ ಎರಡು ರೆಕ್ಕೆ ಎಲ್ಲಿ ಹೋದವು? ಪಂಪ್ ಅವನ್ನು ನೀರಿನ ಜೊತೆ ಮೇಲಕ್ಕೇ ತಳ್ಳಿರುತ್ತದೆ. ಕೊಳವೆಯ ತಿರುವಿನಲ್ಲೋ ಥರ್ಮೋಸ್ಟಾಟ್ ಹತ್ತಿರವೋ ಕೂತಿರುತ್ತವೆ, ಹೊಸ ಇಂಪೆಲ್ಲರ್ ಬಂದರೂ ನೀರು ದಾಟುವುದಿಲ್ಲ. ಕೆಳಭಾಗ ಕೆಳಗಿಳಿದಿರುವಾಗಲೇ ಥರ್ಮೋಸ್ಟಾಟ್ ಮುಚ್ಚಳ ಬಿಚ್ಚಿ, ಮೇಲಿನಿಂದ ಹೋಸ್ ಹಿಡಿದು ನೀರನ್ನು ಉಲ್ಟಾ ಹರಿಸಿ. ಕೊಳವೆಯ ಬಾಯಿಗೆ ಜರಡಿ ಹಿಡಿಯಿರಿ. ಸಿಕ್ಕ ಚೂರುಗಳನ್ನು ಹಳೇ ಇಂಪೆಲ್ಲರಿನ ಪಕ್ಕ ಜೋಡಿಸಿ, ಎರಡೂ ರೆಕ್ಕೆ ಪೂರ್ತಿಯಾಗಬೇಕು. ಆಗದಿದ್ದರೆ ಕೊಳವೆಯನ್ನೇ ಹೊರತೆಗೆದು ನೋಡಿ.

ಅದಾದ ಮೇಲೆ ಡ್ರಮ್ಮು. ಬಯಲಿನಲ್ಲಿಡಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಪ್ರೊಪೆಲ್ಲರ್ ತೆಗೆದಿಡಿ, ನೀರು ಪಂಪಿಗಿಂತ ಮೇಲಿರಲಿ, ಗೇರ್ ನ್ಯೂಟ್ರಲ್. ಮೊದಲ ಹೊಗೆ ದಟ್ಟವಾಗಿ ಬರುತ್ತದೆ, ಸಿಲಿಂಡರಿಗೆ ಬಿಟ್ಟ ಎಣ್ಣೆ ಅದು, ಹೆದರಬೇಡಿ. ಹೊಗೆ ಬಿಟ್ಟು, ಮೋಟಾರಿನಿಂದ ಹೊರಗೆ ಚಿಮ್ಮುವ ತಂಪಿನ ನೀರಿನ ಧಾರೆ ನೋಡಿ. ಕೆಲವು ಹಳೇ ಮಾಡೆಲ್‌ಗಳಲ್ಲಿ ಧಾರೆಯ ರಂಧ್ರವೇ ಇರುವುದಿಲ್ಲ, ಹಿಂದಿನ ಎಕ್ಸಾಸ್ಟ್ ತೂತಿನಿಂದ ನೀರು ತುಂತುರಾಗಿ ಬರುತ್ತದೆ. ಎರಡೂ ಕಾಣದೆ, ಸಿಲಿಂಡರ್ ಹೆಡ್ಡಿಗೆ ಚಿಮುಕಿಸಿದ ಹನಿ ಚುರ್ ಅಂದರೆ ತಕ್ಷಣ ಆಫ್ ಮಾಡಿ, ತಾನಾಗಿ ಆರಲು ಬಿಡಿ, ತಣ್ಣೀರು ಸುರಿಯಬೇಡಿ. ಧಾರೆ ಚೆನ್ನಾಗಿ ಬಂದರೆ ಹತ್ತು ನಿಮಿಷ ಓಡಿಸಿ ಎರಡೂ ಪ್ಲಗ್ ಬಿಚ್ಚಿ, ಫೋಟೊ ಇಲ್ಲಿ ಹಾಕಿ. ಒಂದು ಕಪ್ಪು, ಇನ್ನೊಂದು ತೊಳೆದಂತೆ ಫಳಫಳ ಅಂತಿದ್ದರೆ ಫಳಫಳ ಅನ್ನುವ ಸಿಲಿಂಡರಿನೊಳಗೆ ನೀರು ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ತರಿಸಿ.