ವಾಂತಿಭೇದಿ ಹಬ್ಬಿದಾಗ ಸ್ವಯಂಸೇವೆ: ವೈದ್ಯರಲ್ಲದವರು ಯಾವ ಕೆಲಸ ಹಿಡಿಯಬೇಕು?

ಪ್ರಶ್ನೆ: ನೆರೆ ಇಳಿದ ಮೇಲೆ ವಾಂತಿಭೇದಿ ಹಬ್ಬಿರುವ ಕಡೆಗೆ ತಂಡದ ಜೊತೆ ಹೊರಟಿದ್ದೇನೆ. ವೈದ್ಯಕೀಯ ಓದಿಲ್ಲ. ಏನು ಕಲಿತು ಹೋದರೆ ಉಪಯೋಗ? ಹೊಸಬರು ಎಡವುವುದೆಲ್ಲಿ?

ಉತ್ತರ 1
ನೀರಿನ ಕೆಲಸ ಹಿಡಿಯಿರಿ. ಅದಕ್ಕೆ ಡಾಕ್ಟರಿಕೆ ಬೇಡ, ಅಳತೆ ಬೇಕು. ಶೇ. 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಸುಮಾರು 33 ಗ್ರಾಂ ತೂಗಿ 1 ಲೀಟರ್ ನೀರಿಗೆ ಕಲಸಿದರೆ ಶೇ. 1ರ ದ್ರಾವಣ. ಸುಣ್ಣದ ಗಸಿ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಬಸಿದುಕೊಳ್ಳಿ. ಪಾತ್ರೆ ಪ್ಲಾಸ್ಟಿಕ್‌ದೇ ಇರಲಿ, ಲೋಹವನ್ನು ಕ್ಲೋರಿನ್ ತಿನ್ನುತ್ತದೆ.

ಎಷ್ಟು ಹಾಕಬೇಕೆಂದು ಆ ನೀರೇ ಹೇಳಬೇಕು. ಶುದ್ಧಿ ಮಾಡಬೇಕಾದ ನೀರನ್ನು 10 ಲೀಟರಿನ ನಾಲ್ಕು ಬಕೆಟ್‌ಗಳಿಗೆ ತುಂಬಿ ಸಾಲಾಗಿಟ್ಟು 1, 1.5, 2, 2.5 ಮಿ.ಲೀ. ದ್ರಾವಣ ಸಿರಿಂಜಿನಲ್ಲಿ ಬಿಡಿ. ಕಲಕಿ, 30 ನಿಮಿಷ ಬಿಟ್ಟು ಉಳಿಕೆ ಕ್ಲೋರಿನ್ (ಖರ್ಚಾಗದೆ ನೀರಿನಲ್ಲಿ ಉಳಿದದ್ದು) ನೋಡಿ. ಲೀಟರಿಗೆ 0.5 ಮಿ.ಗ್ರಾಂ ಆಸುಪಾಸು ಯಾವುದರಲ್ಲಿದೆಯೋ ಅದೇ ಲೆಕ್ಕ. 2 ಮಿ.ಲೀ. ಬಕೆಟ್ ಸರಿಹೋದರೆ 1000 ಲೀಟರ್ ಟ್ಯಾಂಕಿಗೆ 200 ಮಿ.ಲೀ. ನೀರು ರಾಡಿಯಾಗಿದ್ದರೆ ಮೊದಲು ತಿಳಿಯಾಗಲು ಬಿಡಿ. ಇಲ್ಲದಿದ್ದರೆ ಹಾಕಿದ ಕ್ಲೋರಿನ್ನನ್ನೆಲ್ಲ ಕೆಸರೇ ನುಂಗಿಬಿಡುತ್ತದೆ.

ಉತ್ತರ 2
ಮೇಲಿನದಕ್ಕೆ ಎರಡು ಮಾತು. ತೇವ ತಾಗಿ ಗಂಟುಕಟ್ಟಿದ ಪೌಡರಿನಲ್ಲಿ ಚೀಲದ ಮೇಲೆ ಬರೆದ ಶಕ್ತಿ ಇರುವುದಿಲ್ಲ. ಎರಡನೆಯದು, ಉಳಿಕೆ ಕ್ಲೋರಿನ್ ಅಳೆಯಲು ಮಾದರಿ ನೀರಿಗೆ ಹಾಕುವ ಡಿಪಿಡಿ ಮಾತ್ರೆ ಕ್ಲೋರಿನ್ ಇದ್ದರೆ ಗುಲಾಬಿಯಾಗುತ್ತದೆ. ಹಾಕಿದ ತಕ್ಷಣ ಗುಲಾಬಿ ಬಣ್ಣ ಮಿಂಚಿ ಮಾಯವಾದರೆ ಕ್ಲೋರಿನ್ ಇಲ್ಲವೆಂದುಕೊಳ್ಳಬೇಡಿ. ವಿಪರೀತ ಹೆಚ್ಚಾಗಿ ಬಣ್ಣವನ್ನೇ ಸುಟ್ಟಿರಬಹುದು. ಹೊಸಬರು ಸೊನ್ನೆ ಎಂದು ಬರೆದುಕೊಂಡು ಇನ್ನಷ್ಟು ಸುರಿಯುವುದು ಇಲ್ಲಿಯೇ. ಮಾದರಿಯ ಒಂದು ಪಾಲಿಗೆ ಕ್ಲೋರಿನ್ ಇಲ್ಲದ ನೀರು ಒಂಬತ್ತು ಪಾಲು ಬೆರೆಸಿ ಮತ್ತೆ ನೋಡಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ.

ಉತ್ತರ 3
ಮನೆಮನೆ ಭೇಟಿಗೆ ಹಾಕಿದರೆ ಓಆರ್‌ಎಸ್ ಕಲಸುವುದನ್ನು ಎದುರಿಗೆ ಮಾಡಿ ತೋರಿಸಿ, ಬರೀ ಪೊಟ್ಟಣ ಕೊಟ್ಟು ಬರಬೇಡಿ. 1 ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದುಕೊಳ್ಳುವವರಿದ್ದಾರೆ. ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಆ ಮನೆಯ ಪಾತ್ರೆಯಲ್ಲೇ 1 ಲೀಟರ್ ಎಲ್ಲಿಗೆ ಬರುತ್ತದೆಂದು ಗೆರೆ ಹಾಕಿಕೊಡಿ. ಕಲಸಿದ್ದು 24 ಗಂಟೆ ಮೀರಿದರೆ ಚೆಲ್ಲಬೇಕು. ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟ ಮಾಡಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., 2ರಿಂದ 10 ವರ್ಷದವರಿಗೆ 100ರಿಂದ 200, ದೊಡ್ಡವರಿಗೆ ಬೇಕಾದಷ್ಟು. ವಾಂತಿಯಾದರೆ 10 ನಿಮಿಷ ತಡೆದು ಚಮಚದಲ್ಲಿ ನಿಧಾನವಾಗಿ ಕೊಡುವುದು. ಎದೆಹಾಲು ನಿಲ್ಲಿಸಬಾರದು.

ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ 2 ಸೆಕೆಂಡಾದರೂ ಮಡಿಕೆ ಇಳಿಯದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಕುಡಿಯಲಾರದಷ್ಟು ಮಂಕಾಗಿದ್ದರೆ ಮನೆಮದ್ದಿನ ಮಾತು ಬೇಡ, ಆಸ್ಪತ್ರೆಗೆ. ನುಂಗುವ ಶಕ್ತಿಯಿದ್ದರೆ ದಾರಿಯಲ್ಲೂ ಗುಟುಕು ಗುಟುಕಾಗಿ ಕುಡಿಸುತ್ತಿರಿ.

ಉತ್ತರ 4
ಮನೆ ಭೇಟಿಯಲ್ಲಿ "ಎಲ್ಲ ಆರಾಮಾ?" ಎಂದರೆ ಹೂಂ ಅನ್ನುತ್ತಾರೆ. "ನಿನ್ನೆ ಬೆಳಗಿನಿಂದ ಯಾರಿಗೆ ಎಷ್ಟು ಸಲ ಆಯಿತು?" ಎಂದು ಕೇಳಿ. ವಯಸ್ಸು, ಶುರುವಾದ ದಿನ, ಕುಡಿಯುವ ನೀರು ಎಲ್ಲಿಯದು, ಈ ಮೂರು ತಪ್ಪದೆ ಬರೆಯಿರಿ. ಕೆಟ್ಟ ಬಾವಿ ಪತ್ತೆಯಾಗುವುದು ಮೂರನೆಯದರಿಂದ. ಬಾಗಿಲಿಗೆ ಗುರುತು, ರೋಗಿಯ ಫೋಟೊ ಬೇಡವೇ ಬೇಡ. ಒಮ್ಮೆ ಹಾಗೆ ಮಾಡಿದರೆ ಮುಂದಿನ ಮನೆಯವರು ಕಾಯಿಲೆ ಮುಚ್ಚಿಡುತ್ತಾರೆ.

ಕೇಳಿದವರು: ಶೌಚಾಲಯ, ವಾಂತಿ ಬಿದ್ದ ನೆಲಕ್ಕೂ ಅದೇ ದ್ರಾವಣವೇ?

ಉತ್ತರ 1
ಶೇ. 1ರದಕ್ಕೆ ಸಮ ನೀರು ಬೆರೆಸಿ, ಶೇ. 0.5 ಆಗುತ್ತದೆ. ಮೊದಲು ಹೊಲಸು ಬಳಿದು ತೆಗೆದು, ಆಮೇಲೆ ಸುರಿದು 10 ನಿಮಿಷ ಬಿಡಿ. ದಿನಾ ಹೊಸದಾಗಿ ಕಲಸಿ, ಬಿಸಿಲಿಗಿಡಬೇಡಿ. ಆಸಿಡ್ ಹಾಕಿ ತೊಳೆದ ಶೌಚಾಲಯಕ್ಕೆ ಇದನ್ನು ಸುರಿಯಲೇಬಾರದು. ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಧಾರಾಳ ನೀರು ಹೊಯ್ದು ಆಸಿಡ್ ಪೂರ್ತಿ ಹೋದ ಮೇಲೆಯೇ ಕೈ ಹಾಕಿ.