ಕಂಪನಿ ಕಟ್ಟೋ ಹೆಲ್ತ್ ಇನ್ಶೂರೆನ್ಸ್‌ಗೂ ಟ್ಯಾಕ್ಸ್ ಹಾಕ್ಬೇಕಲ್ವಾ?

ದಾವಣಗೆರೆ_ಪ್ರೆಸ್:
ನಮ್ದು ಪ್ರಿಂಟಿಂಗ್ ಪ್ರೆಸ್ಸು. ತಮ್ಮ ಬೆಂಗ್ಳೂರಲ್ಲಿ ಐಟಿ ಕಂಪನೀಲಿದಾನೆ, ಅವ್ನಿಗೆ ಹೆಂಡ್ತಿ ಮಕ್ಳು ಸೇರಿ ಐದು ಲಕ್ಷದ ಗ್ರೂಪ್ ಪಾಲಿಸಿ, ಪ್ರೀಮಿಯಂ ಪೂರ್ತಿ ಕಂಪನೀದೇ, ಅದು ಅವ್ನ ಇನ್‌ಕಮ್ ಲೆಕ್ಕಕ್ಕೇ ಬರಲ್ವಂತೆ. ನಾನು ಅಷ್ಟೇ ಕವರಿಗೆ ಟ್ಯಾಕ್ಸ್ ಕಟ್ಟಿ ಉಳಿದ ದುಡ್ಡಲ್ಲಿ ಪ್ರೀಮಿಯಂ ಕಟ್ಬೇಕು, ನ್ಯೂ ರೆಜೀಮಲ್ಲಿ, ಅಂದ್ರೆ ಹೊಸ ಟ್ಯಾಕ್ಸ್ ಪದ್ಧತೀಲಿ, 80ಡಿ (ಪ್ರೀಮಿಯಂನ ಇನ್‌ಕಮ್‌ನಿಂದ ಕಳೆಯೋ ಸೌಲಭ್ಯ) ಸಿಗಲ್ಲ ಅಂದ್ರು ಸಿಎ. ಇದ್ಯಾವ ನ್ಯಾಯ ಹೇಳಿ?

ಟೆಕ್ಕಿ_ಜಯನಗರ:
ಅಣ್ಣಾ, ಸಂಬಳ ಕೈಗೆ ಬರೋ ಮುಂಚೇನೇ ಟಿಡಿಎಸ್ ಹಿಡ್ಕೋತಾರೆ, ಇನ್ನು ಕೈಗೇ ಬರದ ದುಡ್ಡಿಗೂ ಟ್ಯಾಕ್ಸಾ? ಆ ಪಾಲಿಸಿನಾದ್ರೂ ನಮ್ದಾ, ಕೆಲಸ ಬಿಟ್ರೆ ಅದೂ ಹೋಯ್ತು. ಅಪ್ಪ ಅಮ್ಮನ್ನ ಸೇರಿಸಿದ್ದಕ್ಕೆ ನನ್ ಸಂಬಳದಲ್ಲೇ ಕಟ್ಟು, ಮೇಲೆ ಕೋ-ಪೇ ಬೇರೆ, ಆಸ್ಪತ್ರೆ ಬಿಲ್ಲಲ್ಲಿ ಒಂದು ಪಾಲು ನಾವೇ ಕಟ್ಬೇಕು.

ಲೆಕ್ಕದ_ಮೇಷ್ಟ್ರು:
"ಕೈಗೆ ಬರದ್ದು" ಅನ್ನೋ ವಾದ ನಿಲ್ಲಲ್ಲ ಟೆಕ್ಕಿಯವ್ರೇ, ಕಂಪನಿ ಮನೆ ಕೊಟ್ರೂ ಪರ್ಕ್ವಿಸಿಟ್ (ಸಂಬಳದ ಜೊತೆ ಸಿಗೋ ಸವಲತ್ತು) ಅಂತ ಟ್ಯಾಕ್ಸ್ ಬೀಳುತ್ತಲ್ಲ. ಇನ್ಶೂರೆನ್ಸ್‌ಗೆ ಕಾನೂನೇ ವಿನಾಯ್ತಿ ಕೊಟ್ಟಿದೆ, ನ್ಯೂ ರೆಜೀಮಲ್ಲೂ. ಪ್ರೆಸ್ಸಿನವ್ರೇ, ನಿಮ್ ಹುಡುಗ್ರ ಪ್ರೀಮಿಯಂ ನೀವು ಚೆಕ್ಕಲ್ಲಿ ಕಟ್ಟಿದ್ರೆ ಅದು ಬಿಸಿನೆಸ್ ಖರ್ಚು, ನಿಮ್ಮ ಸ್ವಂತದ್ದಕ್ಕೆ ಮಾತ್ರ ಇಲ್ಲ! ತಮಾಷೆ ಅಲ್ವಾ. ಆದ್ರೂ ತಮ್ಮನಿಗೆ ಟ್ಯಾಕ್ಸ್ ಹಾಕ್ಸಿ ನಿಮಗೇನು ಬಂತು? ಗ್ರೂಪ್ ಪ್ರೀಮಿಯಂನ ತಲೆಗಿಷ್ಟು ಅಂತ ಹಂಚಿ ಟ್ಯಾಕ್ಸ್ ಹಾಕಿದ್ರೆ 25ರ ಹುಡುಗ 55ರವ್ರ ಖರ್ಚಿಗೂ ಟ್ಯಾಕ್ಸ್ ಕಟ್ಟಿದಂಗೆ ಆಗುತ್ತೆ. ಓಲ್ಡ್ ರೆಜೀಮಲ್ಲಿರೋ 25 ಸಾವಿರದ 80ಡಿ ಕಡಿತ ನ್ಯೂ ರೆಜೀಮಿಗೂ ಕೊಡಿ ಅಂತ ಕೇಳೋದು ಸರಿ.

ಡಲ್ಲಾಸ್_ಕನ್ನಡಿಗ:
ಇಲ್ಲಿ ಅಮೆರಿಕದಲ್ಲಿ ಇಂಥ ಟ್ಯಾಕ್ಸ್ ಹಾಕೋಕೆ ಹೋಗಿ ಕೈ ಸುಟ್ಕೊಂಡ್ರು. 2010ರ ಒಬಾಮಾ ಹೆಲ್ತ್ ಕಾನೂನಲ್ಲಿ ಕಂಪನಿ ಕೊಡೋ ದುಬಾರಿ ಇನ್ಶೂರೆನ್ಸ್ ಪ್ಲಾನುಗಳ ಮೇಲೆ 40% ಕ್ಯಾಡಿಲಾಕ್ ಟ್ಯಾಕ್ಸ್ ಅಂತ ಇತ್ತು, ಕಂಪನಿಗಳು ಯೂನಿಯನ್‌ಗಳು ಎರಡೂ ಸೇರಿ ವಿರೋಧ ಮಾಡಿದ್ವು, ಮುಂದಕ್ಕೆ ಹಾಕಿ ಹಾಕಿ 2019ರಲ್ಲಿ ರದ್ದೇ ಮಾಡಿದ್ರು, ಒಂದಿನಾನೂ ಜಾರಿಗೆ ಬರ್ಲಿಲ್ಲ. ಆದ್ರೆ ಸ್ವಂತ ಉದ್ಯೋಗದವ್ರು ಲಾಭದ ಮಿತಿಯೊಳಗೆ ತಮ್ಮ ಪ್ರೀಮಿಯಂ ಇನ್‌ಕಮ್‌ನಿಂದ ಕಳೀಬಹುದು ಇಲ್ಲಿ, ಮೇಷ್ಟ್ರು ಹೇಳಿದ್ದು ಅದೇ ತಾನೆ.

ಟೆಕ್ಕಿ_ಜಯನಗರ:
ಪ್ರೆಸ್ಸಣ್ಣಾ, ನ್ಯೂ ರೆಜೀಮಲ್ಲಿ 12 ಲಕ್ಷದವರೆಗೂ ಟ್ಯಾಕ್ಸೇ ಇಲ್ವಲ್ಲ ಈಗ? 2025ರ ಸೆಪ್ಟೆಂಬರ್ 22ರಿಂದ ನಿಮ್ ಪಾಲಿಸಿಗೆ ಜಿಎಸ್‌ಟಿನೂ ಹೋಯ್ತು, ನಮ್ ಗ್ರೂಪ್‌ದಕ್ಕೆ ಮಾತ್ರ 18% ಹಂಗೇ ಇದೆ.

ದಾವಣಗೆರೆ_ಪ್ರೆಸ್:
ಎಲೆಕ್ಷನ್ ವರ್ಷ ಸ್ವಾಮಿ, ಪಾಂಪ್ಲೆಟ್ ಹೊಡ್ದು ಹೊಡ್ದು 12 ದಾಟಿದೆ 😄 ಜಿಎಸ್‌ಟಿ ಹೋಗಿದ್ದು ಒಪ್ಪಿದೆ. ಮೇಷ್ಟ್ರೇ, ಹುಡುಗ್ರ ಪಾಲಿಸಿಗೆ ಕನಿಷ್ಠ ಎಷ್ಟು ಜನ ಇರ್ಬೇಕು? ನಮ್ಮಲ್ಲಿರೋದು ನಾಲ್ಕೇ ಜನ.