ಕಾಕಾರ ಹಳೆ ಸ್ಪೀಕರ್: ಫೋಮ್ ಪುಡಿಯಾಗಿದೆ, ಪೆಟ್ಟಿಗೆಗೆ ತೂತು ಹಾಕಿಸಬೇಕಾ?

ಗಂಜ್ ಕೇಳುಗ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ರೈಲ್ವೆಯಲ್ಲಿದ್ದರು, ವಾಡಿ ಜಂಕ್ಷನ್‌ನಲ್ಲಿ. ಮುಂಬೈಯಲ್ಲಿ ಯಾರ ಹತ್ತಿರವೋ ಒಂದು ಜೋಡಿ ಸ್ಪೀಕರ್ ಕೊಂಡು ತಂದಿದ್ದರು. ಅವರು ತೀರಿಕೊಂಡ ಮೇಲೆ ಹನ್ನೆರಡು ವರ್ಷ ಅಟ್ಟದ ಮೇಲೇ ಇದ್ದವು. ದೀಪಾವಳಿಗೆ ಸುಣ್ಣ ಹಚ್ಚುವಾಗ ಕೆಳಗಿಳಿಸಿದೆ. ಹಿಂದಿನ ಚೀಟಿ ಅರ್ಧ ಹರಿದಿದೆ. ಅಕೌಸ್ಟಿಕ್ ರಿಸರ್ಚ್ ಅಂತ ಮಾತ್ರ ಓದಲು ಬರುತ್ತದೆ. ಕೆಳಗಿನ ಸ್ವರಕ್ಕೆ ಒಂದು 8 ಇಂಚಿನ ವೂಫರ್, ಮೇಲಿನ ಸ್ವರಕ್ಕೆ ಅದರ ಮೇಲೆ ಒಂದು ಚಿಕ್ಕ ಟ್ವೀಟರ್.

ಮುಂದಿನ ಬಟ್ಟೆ ತೆಗೆದು ನೋಡಿದರೆ ವೂಫರ್‌ನ ಕೋನ್, ಅಂದರೆ ಅಲುಗಾಡುವ ಕಾಗದದ ಬಟ್ಟಲು, ಅದರ ಸುತ್ತ ಇದ್ದ ಫೋಮ್ ಬೆರಳು ತಾಗಿದ ಕೂಡಲೇ ಉದುರಿತು. ಪುಡಿ ಅಂದರೆ ಒಣ ಪುಡಿ ಅಲ್ಲ, ಹಳೆ ಬೆಲ್ಲದ ಹಾಗೆ ಕೈಗೆ ಅಂಟುತ್ತದೆ. ಆದರೂ ಹಾಡು ಹಚ್ಚಿ ನೋಡಿದೆ. ತಬಲಾದಲ್ಲಿ ಡಗ್ಗಾ ಬಾರಿಸಿದಾಗ ತಗಡು ಬಡಿದ ಹಾಗೆ ಬಂತು.

ಇಲ್ಲೇ ಒಂದು ಅಂಗಡಿಯಲ್ಲಿ ತೋರಿಸಿದೆ. "ಈ ವೂಫರ್ ಬಿಸಾಕಿ, ಹೊಸದು ಹಾಕೋಣ. ಪೆಟ್ಟಿಗೆಯಲ್ಲಿ ಗಾಳಿ ಹೋಗಲು ದಾರಿಯೇ ಇಲ್ಲ. ಮುಂದೆ ತೂತು ಕೊರೆದು ಪೈಪ್ ಕೂಡಿಸಿದರೆ ಬೇಸ್ ಜಾಸ್ತಿ ಬರುತ್ತೆ" ಅಂದರು. ಒಂದು ಪೆಟ್ಟಿಗೆ ಅಲ್ಲೇ ಬಿಟ್ಟು ಬಂದಿದ್ದೇನೆ. ನಾಳೆ ಕೊರೆಯುತ್ತಾರಂತೆ. ಆದರೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಹೇಳಿ.

ಹಳೆ ರೇಡಿಯೊ ರಿಪೇರಿ, ಬೀದರ್:

ತಮ್ಮಾ, ಮೊದಲು ಹೋಗಿ ಆ ಪೆಟ್ಟಿಗೆ ವಾಪಸ್ ತಾ. ಉಳಿದದ್ದು ಆಮೇಲೆ ಓದು.

ತಂದಾಯಿತಾ? ಸರಿ, ಈಗ ಕೇಳು. ಆ ಪೆಟ್ಟಿಗೆಗೆ ತೂತು ಇಲ್ಲದಿರುವುದು ತಪ್ಪಲ್ಲ, ಅದರ ಜೀವವೇ ಅದು. 1950ರ ಹೊತ್ತಿಗೆ ಒಳ್ಳೆ ಬೇಸ್ ಬೇಕು ಅಂದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಮಾಡುತ್ತಿದ್ದರು. ಮುಂದೆ ಹೋದ ಕೋನನ್ನು ಹಿಂದಕ್ಕೆ ಎಳೆಯುವ ಕೆಲಸ ಅದರ ಗಟ್ಟಿ ಅಂಚಿನದು, ಒಳಗಿನ ಸ್ಪೈಡರ್ ಅನ್ನುವ ಸುಕ್ಕು ಬಟ್ಟೆಯದು. ಈ ಎಳೆತ ಸ್ವಲ್ಪ ದೂರ ಸಮನಾಗಿರುತ್ತದೆ, ಆಮೇಲೆ ಒಮ್ಮೆಲೇ ಬಿಗಿಯುತ್ತದೆ. ಅಲ್ಲೇ ಸ್ವರ ಕೆಡುತ್ತದೆ. ಅಮೆರಿಕದ ಎಡ್ಗರ್ ವಿಲ್ಚರ್ ಇದನ್ನೇ ತಿರುಗಿಸಿ ಯೋಚಿಸಿದರು. ಅಂಚನ್ನು ತೀರಾ ಮೆತ್ತಗೆ ಮಾಡಿ, ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು. ಗಾಳಿಯ ಎಳೆತ ಎಷ್ಟೋ ಹೆಚ್ಚು ಸಮ. 1954ರಲ್ಲಿ ಹೆನ್ರಿ ಕ್ಲಾಸ್ ಜೊತೆ ಸೇರಿ, ನಿನ್ನ ಚೀಟಿಯಲ್ಲಿರುವ ಅದೇ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ಎಆರ್-1 ಸ್ಪೀಕರ್ ತಂದರು. ಕಪಾಟು ಮಾಡುವ ಕೆಲಸವನ್ನು ಪುಸ್ತಕದ ಶೆಲ್ಫ್ ಮೇಲೆ ಕೂಡುವ ಪೆಟ್ಟಿಗೆ ಮಾಡಿತು. ಆ ಕಂಪನಿಯವರು ವೇದಿಕೆ ಮೇಲೆ ಪಿಟೀಲು ವಾದಕರನ್ನು ಕೂಡಿಸಿ, ಮಧ್ಯೆ ಅವರು ಸುಮ್ನೆ ಕಮಾನು ಆಡಿಸುವಾಗ ಸ್ಪೀಕರ್‌ನಿಂದ ನುಡಿಸುತ್ತಿದ್ದರು. ಯಾವಾಗ ಬದಲಾಯಿತು ಅಂತ ಕೂತವರಿಗೆ ಹೇಳುವುದು ಕಷ್ಟವಾಗುತ್ತಿತ್ತು. ನನಗೆ ಈ ಕಥೆ ಅಂದರೆ ಬಹಳ ಇಷ್ಟ.

ಈಗ ನಿನ್ನ ಪೆಟ್ಟಿಗೆಗೆ ತೂತು ಬಿದ್ದರೆ ಆ ಸ್ಪ್ರಿಂಗೇ ಹೋಯಿತು. ಮೆತ್ತನೆ ಕೋನ್‌ಗೆ ಹಿಡಿತ ಸಿಗದೆ, ಕೆಳಗಿನ ಸ್ವರ ಬಂದಾಗ ಅಳತೆ ಮೀರಿ ಓಡಾಡುತ್ತದೆ. ಕೋನ್ ಹಿಂದಿನ ತಂತಿ ಸುರುಳಿ, ಅಂದರೆ ಕಾಯಿಲ್, ಹಿಂದೆ ಹೋಗಿ ಬಡಿಯುತ್ತದೆ. ತೂತಿರುವ ಸ್ಪೀಕರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ವೂಫರ್ ಬೇರೆ, ಪೆಟ್ಟಿಗೆಯ ಲೆಕ್ಕ ಬೇರೆ.

ವೂಫರ್ ಕೂಡ ಬಿಸಾಕಬೇಡ. ಹೋಗಿರುವುದು ಫೋಮ್ ಮಾತ್ರ. ಪಾಲಿಯುರೆಥೇನ್ ಫೋಮ್ ಹದಿನೈದು ಇಪ್ಪತ್ತು ವರ್ಷಕ್ಕೆ ತಾನಾಗೇ ಹಾಳಾಗುತ್ತದೆ, ಹಾಡು ಹಚ್ಚದೆ ಇಟ್ಟರೂ ಹಾಳಾಗುತ್ತದೆ. ಹೊಸ ಫೋಮ್ ರಿಂಗ್ ಹೈದರಾಬಾದ್ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಕೇಳು. 8 ಇಂಚು ಅಂತ ಬಾಯಲ್ಲಿ ಹೇಳಬೇಡ. ಕೋನ್ ಅಂಚಿನ ಅಳತೆ, ಫ್ರೇಮ್ ಅಳತೆ ಎರಡೂ ಬರೆದುಕೊಂಡು ಹೋಗು. ಹಗುರ, ಮೆತ್ತನೆಯ ರಿಂಗೇ ಬೇಕು. ಗಟ್ಟಿ ರಬ್ಬರ್ ಹಾಕಿದರೆ ವಿಲ್ಚರ್ ಬೇಡ ಅಂದ ಸ್ಪ್ರಿಂಗನ್ನೇ ನಾವು ವಾಪಸ್ ತಂದಂತೆ.

ಹಳೆ ಅಂಟನ್ನು ಸ್ಪಿರಿಟ್ ಹಚ್ಚಿ, ಮೊಂಡು ಚಾಕುವಿನಿಂದ ನಿಧಾನಕ್ಕೆ ತೆಗೆ. ಕಾಗದದ ಕೋನ್ ನೆನೆಯಬಾರದು. ಆಮೇಲೆ ನಡುವಿನ ಟೋಪಿಯನ್ನು ಬ್ಲೇಡಿನಿಂದ ಸುತ್ತ ಕೊಯ್ದು ತೆಗೆ. ಒಳಗೆ ಕಾಯಿಲ್ ಕಾಣುತ್ತದೆ. ಅದಕ್ಕೂ ನಡುವಿನ ಕಬ್ಬಿಣಕ್ಕೂ ಮಧ್ಯೆ ಒಂದು ಹಾಳೆ ತೂರುವಷ್ಟೇ ಜಾಗ. ಹಳೆ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ನಾಲ್ಕು ಪಟ್ಟಿ ನಾಲ್ಕು ಕಡೆ ಇಳಿಸು. ಕಾಯಿಲ್ ನಟ್ಟನಡುವೆ ನಿಲ್ಲುತ್ತದೆ. ಆಗ ರಿಂಗ್ ಅಂಟಿಸು, ಒಂದು ದಿನ ಮುಟ್ಟಬೇಡ. ನಾನು ಕಲಿಯುವಾಗ ಪಟ್ಟಿ ಇಲ್ಲದೆ ಅಂಟಿಸಿ, ಗಿರಾಕಿಯ ವೂಫರ್ ಒಂದರ ಕಾಯಿಲ್ ಉಜ್ಜಿ ಸುಟ್ಟುಹೋಯಿತು. ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಬಡಗಿ ಕೆಲಸ, ಯಾದಗಿರಿ:

ಬೀದರ್ ಅಣ್ಣಾರು ಹೇಳಿದ್ದು ಸರಿ. ನನ್ನದೊಂದು ಮಾತು ಸೇರಿಸುತ್ತೇನೆ. ವೂಫರ್ ತೆಗೆದಾಗ ಅದರ ಕೆಳಗೆ ಮೇಣದಂಥದ್ದು ಇರಬಹುದು. ಗಾಳಿ ಸೋರದಿರಲಿ ಅಂತ ಹಾಕಿದ್ದು ಅದು. ಒಣಗಿ ಬಿರಿದಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿ. ವೈರ್ ಹೊರಬರುವ ಜಾಗ ನೋಡಿ. ಒಳಗೆ ತುಂಬಿದ ಗಾಜಿನ ಉಣ್ಣೆ ಒಂದು ಎಳೆಯೂ ಕಡಿಮೆಯಾಗಬಾರದು, ಅದು ಇದ್ದರೆ ಪೆಟ್ಟಿಗೆ ಇದ್ದುದಕ್ಕಿಂತ ದೊಡ್ಡದಿದ್ದ ಹಾಗೆ ಕೆಲಸ ಮಾಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಬಹಳ ತುರಿಸುತ್ತದೆ. ಮೇಲಿನ ವೆನಿಯರ್‌ಗೆ, ಅಂದರೆ ತೆಳು ಮರದ ಹೊದಿಕೆಗೆ, ಪೇಂಟ್ ಮಾತ್ರ ಹೊಡೆಸಬೇಡಿ.

ಕೂಡಿಸಲು ಸ್ಟ್ಯಾಂಡ್ ಹುಡುಕಬೇಡಿ. ನಿಮ್ಮಲ್ಲಿ ಶಹಾಬಾದಿ ಕಲ್ಲು ಇದೆಯಲ್ಲ, ಅದರ ಮೇಲೆ ಇಡಿ, ನಡುವೆ ನಾಲ್ಕು ರಬ್ಬರ್ ಬಿಲ್ಲೆ. ಪಡುವಣ ಕಿಟಕಿ ಹತ್ತಿರ ಬೇಡ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಹೊಸ ಫೋಮನ್ನೂ ಬೇಗ ತಿನ್ನುತ್ತದೆ.

ತಂಬೂರಿ, ಕಲಬುರಗಿ:

ಟ್ವೀಟರ್ ದಾರಿಯಲ್ಲಿರುವ ಕೆಪಾಸಿಟರ್ ಕೂಡ ನೋಡಿಸಿ. ಹಳೆ ಎಲೆಕ್ಟ್ರೊಲಿಟಿಕ್ ಜಾತಿಯ ಕೆಪಾಸಿಟರ್ ಒಳಗೆ ಒಣಗಿದ್ದರೆ ತಂಬೂರಿಯ ಝೇಂಕಾರ ಮಂಕಾಗುತ್ತದೆ. ಅದರ ಮೇಲೆ ಬರೆದ ಮೈಕ್ರೊಫ್ಯಾರಡ್ ಎಷ್ಟಿದೆಯೋ ಅಷ್ಟೇ ಹಾಕಿ, ಪೋಲಾರಿಟಿ (ಪ್ಲಸ್ ಮೈನಸ್ ಭೇದ) ಇಲ್ಲದ್ದು. ಇನ್ನೊಂದು, ಇಂಥ ಮುಚ್ಚಿದ ಸ್ಪೀಕರ್ ಆಂಪ್ಲಿಫೈಯರ್‌ನಿಂದ ಪವರ್ ಜಾಸ್ತಿ ಕೇಳುತ್ತದೆ. ಚಿಕ್ಕ ಆಂಪ್ಲಿಫೈಯರ್ ಪೂರ್ತಿ ತಿರುಗಿಸಿದರೆ ಟ್ವೀಟರ್ ಹೋಗುತ್ತದೆ.

ಗಂಜ್ ಕೇಳುಗ, ಕಲಬುರಗಿ:

ಮೂರು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಅವತ್ತು ಅಂಗಡಿಗೆ ಹೋದಾಗ ಮುಂದಿನ ಹಲಗೆ ಮೇಲೆ ಪೆನ್ಸಿಲ್‌ನಲ್ಲಿ ಗುಂಡಗೆ ಗುರುತು ಹಾಕಿಯೇ ಇಟ್ಟಿದ್ದರು. ಒಂದು ತಾಸು ತಡವಾಗಿದ್ದರೆ ಮುಗಿದೇ ಹೋಗುತ್ತಿತ್ತು. ಬೀದರ್ ಕಾಕಾ, ನಿಮಗೆ ಹೇಗೆ ಹೇಳಲಿ.

ರಿಂಗ್ ಕೋಠಿಯಲ್ಲಿ ಸಿಕ್ಕಿತು, ಎರಡನೇ ಅಂಗಡಿಯಲ್ಲಿ. ಎಡಗಡೆಯದು ಮುಗಿದಿದೆ. ಎಲ್ಲ ಬಿಗಿದು, ಎರಡೂ ಕೈ ಬೆರಳಿನಿಂದ ಕೋನನ್ನು ಸಮವಾಗಿ ಒಳಗೆ ಒತ್ತಿ ಬಿಟ್ಟೆ. ಟಪ್ ಅಂತ ಬರಲಿಲ್ಲ. ಯಾರೋ ಒಳಗಿನಿಂದ ಉಸಿರು ಬಿಟ್ಟ ಹಾಗೆ ನಿಧಾನಕ್ಕೆ ತನ್ನ ಜಾಗಕ್ಕೆ ಬಂದು ನಿಂತಿತು. ಎಲ್ಲೂ ಸೋರುತ್ತಿಲ್ಲ ಅಂತ ಅರ್ಥ, ಅಲ್ವಾ? ರಾತ್ರಿ ಮಲ್ಲಿಕಾರ್ಜುನ ಮನ್ಸೂರರ ಒಂದು ಕ್ಯಾಸೆಟ್ ಹಾಕಿದೆ, ಒಂದೇ ಸ್ಪೀಕರ್‌ನಲ್ಲಿ. ಡಗ್ಗಾದ ಗುಂಯ್ ಅನ್ನುವ ನಾದ ಈಗ ಕೊನೆಯವರೆಗೂ ಕೇಳುತ್ತದೆ, ನಡುವೆ ತುಂಡಾಗುವುದಿಲ್ಲ.

ಬಲಗಡೆಯ ರಿಂಗ್ ಈಗಷ್ಟೇ ಅಂಟಿಸಿದ್ದೇನೆ. ಎಕ್ಸ್‌ರೇ ಪಟ್ಟಿ ಒಳಗೇ ಇದೆ. ನಾಳೆ ಸಂಜೆವರೆಗೆ ಮುಟ್ಟುವುದಿಲ್ಲ.